ಮೈಕಿನ ಹಿಂದಿನ ಕುರ್ಚಿ

ಇಂದಿನ ಮಾತು ಯೂನಾ ಮಾರ್ಸನ್ ಎಂಬ ಪತ್ರಕರ್ತೆಯನ್ನು ಕುರಿತದ್ದು. ಈ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಲಿಕ್ಕಿಲ್ಲ. ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿ 1905ರಲ್ಲಿ ಹುಟ್ಟಿದವರು. ಅದೇ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ 1965ರಲ್ಲಿ ತೀರಿಕೊಂಡವರು. ನಡುವಿನ ಅರವತ್ತು ವರ್ಷಗಳಲ್ಲಿ ಪತ್ರಿಕೆ ನಡೆಸಿದರು, ಕವಿತೆ ಬರೆದರು, ನಾಟಕ ಆಡಿಸಿದರು, ಹೆಂಗಸರ ಹಕ್ಕುಗಳಿಗಾಗಿ ದೇಶದಿಂದ ದೇಶಕ್ಕೆ ಹೋಗಿ ಮಾತಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬಿ.ಬಿ.ಸಿ.ಯಲ್ಲಿ ಕಾರ್ಯಕ್ರಮ ತಯಾರಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಆ ಕೆಲಸ ಮಾಡಿದ ಮೊದಲ ಕಪ್ಪು ಮಹಿಳೆ ಅವರೇ. ಅವರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಈ ‘ಮೊದಲಿಗರು’ ಎಂಬ ಹೊಗಳಿಕೆಗೇ ನಿಲ್ಲಿಸಿಬಿಡುತ್ತಾರೆ. ನನಗೆ ಅದು ಸಾಲದು. ಬಂದವರು ಯಾವ ಜಾಗದಲ್ಲಿ ಕೂತರು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ರೇಡಿಯೋದಲ್ಲಿ ಎರಡು ಜಾಗಗಳಿವೆ. ಒಂದು, ಮೈಕಿನ ಮುಂದಿನದು. ಅಲ್ಲಿ ಕೂತವರ ದನಿ ನಿಮಗೆ ಕೇಳಿಸುತ್ತದೆ. ಇನ್ನೊಂದು, ಮೈಕಿನ ಹಿಂದಿನದು. ಯಾರನ್ನು ಕರೆಸಬೇಕು, ಏನು ಮಾತಾಡಿಸಬೇಕು, ಎಷ್ಟು ನಿಮಿಷ ಕೊಡಬೇಕು ಎಂದು ತೀರ್ಮಾನಿಸುವವರು ಅಲ್ಲಿರುತ್ತಾರೆ. ಅವರ ದನಿ ನಿಮಗೆ ಕೇಳಿಸುವುದಿಲ್ಲ. ಹೆಣ್ಣಿನ ದನಿ ರೇಡಿಯೋದಲ್ಲಿ ಕೇಳಿಬಂದ ಮಾತ್ರಕ್ಕೆ ಹೆಣ್ಣಿಗೆ ಮಾತಿನ ಅಧಿಕಾರ ಬಂತೆಂದು ತಿಳಿಯಬಾರದು. ಅಧಿಕಾರ ಇರುವುದು ಆ ಹಿಂದಿನ ಕುರ್ಚಿಯಲ್ಲಿ. ಮಾರ್ಸನ್ ಇದನ್ನು ಬಹಳ ಬೇಗ ಕಂಡುಕೊಂಡರು. ಅವರ ಮಹಿಳಾಪರ ಹೋರಾಟ ಬೇರೆ, ಬಾನುಲಿ ಕೆಲಸ ಬೇರೆ ಎಂದು ನೋಡಿದರೆ ಎರಡೂ ಅರ್ಥವಾಗುವುದಿಲ್ಲ. ಎರಡೂ ಒಂದೇ ಕೆಲಸ. ಇದು ನನ್ನ ವಾದ. ಇದಕ್ಕೆ ಆಧಾರಗಳೇನು, ಇದರ ವಿರುದ್ಧ ಏನು ಹೇಳಬಹುದು, ಎರಡನ್ನೂ ಈ ಹೊತ್ತಿನಲ್ಲಿ ನೋಡೋಣ.

ಮೊದಲು ಜಮೈಕಾದ ದಿನಗಳು. ಆಗ ಅದು ಬ್ರಿಟಿಷರ ವಸಾಹತು. ಮಾರ್ಸನ್ ಹಳ್ಳಿಗಾಡಿನ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರ ಮಗಳು. ವಿದ್ಯಾರ್ಥಿವೇತನ ಪಡೆದು ಒಳ್ಳೆಯ ಶಾಲೆಯಲ್ಲಿ ಓದಿದರು. ಕಿಂಗ್‌ಸ್ಟನ್ನಿಗೆ ಬಂದು ಸಮಾಜಸೇವೆಯ ಸಂಸ್ಥೆಗಳಲ್ಲಿ ದುಡಿದರು. 1926ರಲ್ಲಿ ಒಂದು ಪತ್ರಿಕೆಯಲ್ಲಿ ಸಹಾಯಕ ಸಂಪಾದಕಿಯಾದರು. ಎರಡೇ ವರ್ಷದಲ್ಲಿ ಆ ಕೆಲಸ ಬಿಟ್ಟು ತಮ್ಮದೇ ಮಾಸಿಕ ಹೊರಡಿಸಿದರು. ಅದರ ಹೆಸರು ‘ದಿ ಕಾಸ್ಮೊಪಾಲಿಟನ್’. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಜಮೈಕಾದಲ್ಲಿ ಸ್ವಂತ ಪತ್ರಿಕೆಗೆ ತಾನೇ ಸಂಪಾದಕಿ, ತಾನೇ ಪ್ರಕಾಶಕಿ ಆದ ಮೊದಲ ಹೆಂಗಸು ಅವರು. ಆ ಪತ್ರಿಕೆ ಒಂದು ಸಂಘದ ಮುಖವಾಣಿಯೂ ಆಗಿತ್ತು. ಅದು ಶೀಘ್ರಲಿಪಿಗಾರರ ಸಂಘ. ಈ ಸಂಗತಿಯನ್ನು ದಯವಿಟ್ಟು ಗಮನಿಸಿ. ಆ ಕಾಲಕ್ಕೆ ಓದಿದ ಹುಡುಗಿಯರಿಗೆ ಸಿಗುತ್ತಿದ್ದ ಗೌರವದ ಕೆಲಸಗಳು ಕೆಲವೇ. ಕಚೇರಿಯಲ್ಲಿ ಶೀಘ್ರಲಿಪಿ, ಟೈಪಿಂಗು ಅವುಗಳಲ್ಲಿ ಒಂದು. ಶೀಘ್ರಲಿಪಿಗಾರ್ತಿ ಇಡೀ ದಿನ ಬರೆಯುತ್ತಾಳೆ. ಆದರೆ ಬರೆಯುವುದೆಲ್ಲ ಇನ್ನೊಬ್ಬರ ಮಾತು. ಸಾಹೇಬರು ಹೇಳುತ್ತಾರೆ, ಆಕೆ ಗೀಚಿಕೊಳ್ಳುತ್ತಾಳೆ. ಅಂಥ ಹೆಣ್ಣುಮಕ್ಕಳಿಗೆ ತಮ್ಮ ಮಾತನ್ನೇ ಬರೆಯಲು ಮಾರ್ಸನ್ ಪುಟ ಕೊಟ್ಟರು. ಹೆಂಗಸರ ಕೆಲಸ, ಸಂಬಳ, ಮದುವೆ, ಊರಿನ ಬಡತನ, ದುಡಿಯುವವರ ಹಕ್ಕು ಇವೆಲ್ಲ ಅದರಲ್ಲಿ ಬಂದವು. ಮೂರು ವರ್ಷಕ್ಕೆ ಹಣ ಸಾಲದೆ ಪತ್ರಿಕೆ ನಿಂತಿತು. ಆದರೆ ವಿಷಯ ನಿಲ್ಲಲಿಲ್ಲ. ಅವರ ಮೊದಲ ನಾಟಕ ‘ಅಟ್ ವಾಟ್ ಎ ಪ್ರೈಸ್’ ಬಂತು. ಅದರಲ್ಲಿ ಹಳ್ಳಿಯ ಹುಡುಗಿಯೊಬ್ಬಳು ಸ್ವತಂತ್ರವಾಗಿ ಬದುಕಬೇಕೆಂದು ಕಿಂಗ್‌ಸ್ಟನ್ನಿಗೆ ಬಂದು ಶೀಘ್ರಲಿಪಿಯ ಕೆಲಸ ಹಿಡಿಯುತ್ತಾಳೆ. ಕಚೇರಿಯ ಬಿಳಿಯ ಯಜಮಾನ ಅವಳನ್ನು ಒಲಿಸಿಕೊಳ್ಳುತ್ತಾನೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಅವಳೊಬ್ಬಳೇ ತೆರುತ್ತಾಳೆ. ಕೆಲಸದ ಜಾಗದಲ್ಲಿ ಹೆಣ್ಣಿಗೆ ರಕ್ಷಣೆ ಬೇಕೆಂದು ನಮ್ಮ ಸುಪ್ರೀಂ ಕೋರ್ಟು ವಿಶಾಖಾ ಪ್ರಕರಣದಲ್ಲಿ ಹೇಳಿದ್ದು 1997ರಲ್ಲಿ. ಮಾರ್ಸನ್ ಅದೇ ಪ್ರಶ್ನೆಯನ್ನು ರಂಗದ ಮೇಲೆ ಇಟ್ಟದ್ದು 1932ರಲ್ಲಿ.

ಹೀಗೆ ಜಮೈಕಾದಲ್ಲಿ ಅವರು ಕಲಿತದ್ದು ಒಂದು ಪಾಠ. ಮಾತಾಡಬೇಕಾದರೆ ಪುಟ ನಮ್ಮ ಕೈಯಲ್ಲಿರಬೇಕು. ಈಗ ಲಂಡನ್ನಿಗೆ ಹೋಗೋಣ. ನಾಟಕ ತಂದುಕೊಟ್ಟ ಹಣದ ನೆರವಿನಿಂದ ಅವರು 1932ರಲ್ಲಿ ಹಡಗು ಹತ್ತಿದರು. ಲಂಡನ್ನಿನಲ್ಲಿ ಕೆಲಸ ಹುಡುಕಿದರು. ಕಚೇರಿ ಕೆಲಸದ ಅನುಭವ ಇತ್ತು, ಸಂಪಾದಕಿಯಾಗಿದ್ದವರು. ಆದರೂ ಬಾಗಿಲುಗಳು ಮುಚ್ಚಿದ್ದವು. ಕಪ್ಪು ಹೆಂಗಸನ್ನು ಕಚೇರಿಯಲ್ಲಿ ಕೂರಿಸಿಕೊಳ್ಳಲು ಮಾಲೀಕರು ಒಪ್ಪುತ್ತಿರಲಿಲ್ಲ. ಅವರಿಗೆ ಆಸರೆಯಾದದ್ದು ಪೆಕಮ್ ಎಂಬ ಬಡಾವಣೆಯಲ್ಲಿದ್ದ ಡಾಕ್ಟರ್ ಹೆರಾಲ್ಡ್ ಮೂಡಿಯವರ ಮನೆ. ಮೂಡಿ ಕೂಡ ಜಮೈಕಾದವರು. ವರ್ಣಭೇದದ ವಿರುದ್ಧ ‘ಲೀಗ್ ಆಫ್ ಕಲರ್ಡ್ ಪೀಪಲ್ಸ್’ ಎಂಬ ಸಂಘ ಕಟ್ಟಿದವರು. ಮಾರ್ಸನ್ ಆ ಸಂಘಕ್ಕೆ ದುಡಿದರು. ಅದರ ಪತ್ರಿಕೆ ‘ದಿ ಕೀಸ್’ ಅನ್ನು ಸಂಪಾದಿಸಿದರು. ಅವರ ನಾಟಕವನ್ನು ಆ ಸಂಘದ ಸದಸ್ಯರೇ 1934ರ ಜನವರಿಯಲ್ಲಿ ಲಂಡನ್ನಿನ ಸ್ಕಾಲಾ ರಂಗಮಂದಿರದಲ್ಲಿ ಆಡಿದರು. ಇದರ ಜೊತೆಗೇ ಅವರು ಮಹಿಳಾ ಸಂಘಟನೆಗಳ ವೇದಿಕೆಗಳಿಗೂ ಹೋಗುತ್ತಿದ್ದರು. 1935ರಲ್ಲಿ ಇಸ್ತಾನ್‌ಬುಲ್ಲಿನಲ್ಲಿ ಅಂತರರಾಷ್ಟ್ರೀಯ ಮಹಿಳಾ ಒಕ್ಕೂಟದ ಸಮ್ಮೇಳನ ನಡೆಯಿತು. ಅದರ ಹಿಂದಿನ ವರ್ಷವಷ್ಟೇ ತುರ್ಕಿಯ ಹೆಂಗಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತದಾನದ ಹಕ್ಕು ಬಂದಿತ್ತು. ಅಲ್ಲಿ ಮಾರ್ಸನ್ ಮಾತಾಡಿದರು. ಕಪ್ಪು ಹೆಂಗಸರ ಪರವಾಗಿ ಅಲ್ಲಿ ಕೇಳಿಬಂದ ದನಿ ಬಹುಮಟ್ಟಿಗೆ ಅವರೊಬ್ಬರದೇ. ಅವರ ಸ್ಥಿತಿ ಎಂಥದ್ದೆಂದು ಯೋಚಿಸಿ. ಮಹಿಳಾ ಸಂಘಗಳಲ್ಲಿ ಎಲ್ಲ ಹೆಂಗಸರ ಪರವಾಗಿ ಬಿಳಿಯ ಹೆಂಗಸರು ಮಾತಾಡುತ್ತಿದ್ದರು. ಕಪ್ಪು ಜನರ ಸಂಘಗಳಲ್ಲಿ ಎಲ್ಲ ಕಪ್ಪು ಜನರ ಪರವಾಗಿ ಗಂಡಸರು ಮಾತಾಡುತ್ತಿದ್ದರು. ಕಪ್ಪು ಹೆಂಗಸಿನ ಪರವಾಗಿ ಮಾತಾಡಲು ಎರಡೂ ಕಡೆ ಯಾರೂ ಇರಲಿಲ್ಲ. ಆ ಜಾಗದಲ್ಲಿ ಮಾರ್ಸನ್ ನಿಂತರು.

ಇಲ್ಲಿ ಒಂದು ಘಟನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1935ರಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯದ ಮೇಲೆ ದಾಳಿ ಮಾಡಿತು. ಮಾರ್ಸನ್ ಲಂಡನ್ನಿನ ಇಥಿಯೋಪಿಯ ದೂತಾವಾಸದ ಕೆಲಸಕ್ಕೆ ನಿಂತರು. ದೇಶ ಕಳೆದುಕೊಂಡು ಬಂದ ಚಕ್ರವರ್ತಿ ಹೈಲೆ ಸೆಲಾಸಿಗೆ ಕಾರ್ಯದರ್ಶಿಯಾಗಿ ನೆರವಾದರು. 1936ರ ಜೂನ್‌ನಲ್ಲಿ ಚಕ್ರವರ್ತಿ ಜಿನೀವಾದ ರಾಷ್ಟ್ರಸಂಘದ ಮುಂದೆ ನಿಂತು ನ್ಯಾಯ ಕೇಳಿದರು. ಸಭಾಂಗಣದಲ್ಲಿದ್ದ ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿ ಗದ್ದಲ ಮಾಡಿದರು. ಅವರನ್ನು ಹೊರಗೆ ಹಾಕಿದ ಮೇಲೆ ಭಾಷಣ ಸಾಗಿತು. ಲೋಕವೆಲ್ಲ ಕೇಳಿತು, ಮೆಚ್ಚಿತು. ಮುಂದೆ ಏನಾಯಿತು? ಕೆಲವೇ ದಿನಗಳಲ್ಲಿ ಇಟಲಿಯ ಮೇಲಿನ ಆರ್ಥಿಕ ದಿಗ್ಬಂಧನವನ್ನು ತೆಗೆಯಲು ಅದೇ ಸಂಘ ತೀರ್ಮಾನಿಸಿತು. ಒಬ್ಬ ಚಕ್ರವರ್ತಿಗೇ ಮೈಕು ಸಿಕ್ಕಿತು, ತೀರ್ಮಾನ ಸಿಗಲಿಲ್ಲ. ಮಾತಿನ ಅವಕಾಶಕ್ಕೂ ಮಾತಿನ ಅಧಿಕಾರಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಾರ್ಸನ್ ಇದನ್ನು ಹತ್ತಿರದಿಂದ ಬಲ್ಲವರು. ಆ ವರ್ಷವೇ ಅವರು ದಣಿದು ಜಮೈಕಾಕ್ಕೆ ಮರಳಿದರು. ಅಲ್ಲಿ 1938ರಲ್ಲಿ ಬಡ ಮಕ್ಕಳಿಗಾಗಿ ‘ಸೇವ್ ದಿ ಚಿಲ್ಡ್ರನ್’ ನಿಧಿಯ ಜಮೈಕಾ ಶಾಖೆ ಆರಂಭವಾಗುವುದರಲ್ಲಿ ಅವರ ಕೈ ಇತ್ತು. ಅದೇ ವರ್ಷ ಮತ್ತೆ ಲಂಡನ್ನಿಗೆ ಹೊರಟರು.

ಇಷ್ಟು ಹೊತ್ತು ನೋಡಿದ್ದು ಬಾನುಲಿಗೆ ಬರುವ ಮುಂಚಿನ ಮಾರ್ಸನ್ ಅವರನ್ನು. ಪತ್ರಿಕೆ, ನಾಟಕ, ಸಮ್ಮೇಳನ, ರಾಷ್ಟ್ರಸಂಘ. ಎಲ್ಲ ಕಡೆ ಪ್ರಶ್ನೆ ಒಂದೇ: ಯಾರ ಪರವಾಗಿ ಯಾರು ಮಾತಾಡುತ್ತಿದ್ದಾರೆ? ಇನ್ನು ಅವರು ಸೇರಿದ ಸಂಸ್ಥೆ ಹೇಗಿತ್ತೆಂದು ತಿಳಿಯೋಣ. ಬಿ.ಬಿ.ಸಿ.ಯಲ್ಲಿ ಮೊದಲಿನಿಂದಲೂ ಹೆಂಗಸರು ದುಡಿಯುತ್ತಿದ್ದರು. ಹಿಲ್ಡಾ ಮ್ಯಾಥೆಸನ್ ಎಂಬವರು 1927ರಿಂದ ಭಾಷಣ ವಿಭಾಗದ ಮುಖ್ಯಸ್ಥೆ. ರೇಡಿಯೋ ಭಾಷಣ ಸಭೆಯ ಉಪನ್ಯಾಸದಂತೆ ಇರಬಾರದು, ಮನೆಯಲ್ಲಿ ಕೂತ ಒಬ್ಬ ಕೇಳುಗರ ಜೊತೆ ಆಡುವ ಮಾತಿನಂತೆ ಇರಬೇಕು ಎಂದು ಹಟ ಹಿಡಿದು ತಿದ್ದಿದವರು ಅವರು. ಈಗ ನೀವು ಕೇಳುತ್ತಿರುವ ಈ ಬಗೆಯ ಭಾಷಣಕ್ಕೂ ಅವರ ಋಣವಿದೆ. ಹಿಂದಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತದ್ದರಿಂದ ಒಂದು ಪ್ರಕಾರದ ಸ್ವರೂಪವೇ ಬದಲಾಯಿತು. ಆದರೆ ಮಹಾನಿರ್ದೇಶಕ ಜಾನ್ ರೀತ್ ಜೊತೆ ಹೊಂದಾಣಿಕೆಯಾಗದೆ ಅವರು 1931ರ ಕೊನೆಗೆ ರಾಜೀನಾಮೆ ಕೊಟ್ಟರು. ಮರುವರ್ಷವೇ ಸಂಸ್ಥೆ ಒಂದು ನಿಯಮ ತಂದಿತು. ಮದುವೆಯಾದ ಹೆಂಗಸರನ್ನು ಸಾಮಾನ್ಯವಾಗಿ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ನಿಯಮ. ಅದು 1944ರವರೆಗೆ ಇತ್ತು. 1933ರಲ್ಲಿ ಜೈಲ್ಸ್ ಬೋರೆಟ್ ಎಂಬವರ ಪತ್ನಿಯನ್ನು ಉದ್ಘೋಷಕಿಯಾಗಿ ಪರೀಕ್ಷೆಗೆಂದು ನೇಮಿಸಿದರು. ಹೆಣ್ಣಿನ ದನಿ ಗಂಭೀರ ಕೆಲಸಕ್ಕೆ ಸರಿಯಲ್ಲ ಎಂದು ಕೇಳುಗರಿಂದ ದೂರುಗಳು ಬಂದವು. ಸುಮಾರು ಮೂರು ತಿಂಗಳಲ್ಲಿ ಅವರನ್ನು ಆ ಕೆಲಸದಿಂದ ತೆಗೆದರು. ದೂರಿದವರಲ್ಲಿ ಹೆಂಗಸರೂ ಇದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಗಂಡಿನ ದನಿಯನ್ನೇ ಅಧಿಕಾರದ ದನಿಯೆಂದು ಕೇಳಿ ಕೇಳಿ ಬೆಳೆದ ಕಿವಿ, ಹೆಣ್ಣಿನದಾದರೂ, ಅದನ್ನೇ ಬಯಸುತ್ತದೆ.

ಇಂಥ ಸಂಸ್ಥೆಯ ಬಾಗಿಲಿಗೆ ಮಾರ್ಸನ್ ಬಂದರು. 1939ರಲ್ಲಿ ಟೆಲಿವಿಷನ್ನಿನ ‘ಪಿಕ್ಚರ್ ಪೇಜ್’ ಎಂಬ ಕಾರ್ಯಕ್ರಮಕ್ಕೆ ಬಿಡಿ ಕೆಲಸ ಮಾಡಿಕೊಟ್ಟರು. ಯುದ್ಧ ಶುರುವಾದಾಗ ಟೆಲಿವಿಷನ್ ಪ್ರಸಾರ ನಿಂತಿತು. ಅವರು ರೇಡಿಯೋಗೆ ಬಂದರು. 1941ರಲ್ಲಿ ಪೂರ್ಣಾವಧಿಯ ಕಾರ್ಯಕ್ರಮ ಸಹಾಯಕಿಯಾದರು. ಅವರಿಗೆ ಒಪ್ಪಿಸಿದ ಕಾರ್ಯಕ್ರಮ ‘ಕಾಲಿಂಗ್ ದಿ ವೆಸ್ಟ್ ಇಂಡೀಸ್’. ಕೆರಿಬಿಯನ್ ಪ್ರದೇಶದಿಂದ ಸಾವಿರಾರು ಯುವಕರು ಬ್ರಿಟನ್ನಿನ ವಾಯುಪಡೆಗೆ, ಮದ್ದುಗುಂಡಿನ ಕಾರ್ಖಾನೆಗಳಿಗೆ, ಕಾಡು ಕಡಿಯುವ ಕೆಲಸಕ್ಕೆ ಬಂದಿದ್ದರು. ಅವರು ಸ್ಟುಡಿಯೋಗೆ ಬರುತ್ತಿದ್ದರು. ಒಬ್ಬೊಬ್ಬರಿಗೂ ಚಿಕ್ಕ ಸಮಯ. ಹೆಸರು, ಊರು, ಮನೆಯವರಿಗೆ ಒಂದು ಮಾತು. ನಮ್ಮ ವಿವಿಧ ಭಾರತಿಯ ‘ಜಯಮಾಲಾ’ ಕಾರ್ಯಕ್ರಮ ನಿಮಗೆ ಗೊತ್ತು. ಗಡಿಯಲ್ಲಿರುವ ಯೋಧರಿಗಾಗಿ ಅಲ್ಲಿ ಹಾಡು ಹಾಕುತ್ತಾರೆ. ಇಲ್ಲಿ ಯೋಧನೇ ಮೈಕಿನ ಮುಂದೆ ಬಂದು ತಾಯಿಗೆ ಮಾತಾಡುತ್ತಿದ್ದ. ಕಿರುತರಂಗದಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಆ ದನಿ ದ್ವೀಪಗಳಿಗೆ ಹೋಗುತ್ತಿತ್ತು. ಜಮೈಕಾದಲ್ಲಿ ಸ್ಥಳೀಯ ನಿಲಯವೊಂದು ಹುಟ್ಟಿದ್ದೇ 1939ರ ಕೊನೆಗೆ. ಮನೆಮನೆಗೂ ರೇಡಿಯೋ ಇರಲಿಲ್ಲ. ಮಗನ ಸರದಿ ಯಾವ ದಿನ ಎಂದು ತಿಳಿದುಕೊಂಡು, ರೇಡಿಯೋ ಇದ್ದವರ ಮನೆಗೆ ಹೋಗಿ ಕೇಳಬೇಕು.

ಬಿ.ಬಿ.ಸಿ. ಬಯಸಿದ್ದು ಇಷ್ಟೇ: ಕ್ಷೇಮ ಸಮಾಚಾರ. ಯುದ್ಧದ ಕಾಲದಲ್ಲಿ ವಸಾಹತುಗಳ ಮನಸ್ಸು ಗಟ್ಟಿಯಾಗಿರಲಿ ಎಂಬುದು ಅದರ ಉದ್ದೇಶ. ಮಾರ್ಸನ್ ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಯೋಧರ ಜೊತೆಗೆ ಕೆರಿಬಿಯನ್ನಿನ ಸಂಗೀತಗಾರರನ್ನು, ಬರಹಗಾರರನ್ನು, ಸಮಾಜದ ಕೆಲಸ ಮಾಡುವವರನ್ನು ಕರೆಸಿದರು. ಆಗಿನ ಅವರ ಕೆಲಸದ ತುಣುಕೊಂದು ಇಂದಿಗೂ ಉಳಿದಿದೆ. 1943ರಲ್ಲಿ ತಯಾರಾದ ‘ವೆಸ್ಟ್ ಇಂಡೀಸ್ ಕಾಲಿಂಗ್’ ಎಂಬ ಕಿರುಚಿತ್ರ ಅದು. ಅದರಲ್ಲಿ ಮಾರ್ಸನ್ ಸ್ಟುಡಿಯೋದಲ್ಲಿ ಕೂತು ಒಬ್ಬೊಬ್ಬರನ್ನೇ ಪರಿಚಯಿಸಿ ಮಾತಿಗೆ ಕರೆಯುತ್ತಾರೆ. ಹಾಗೆ ಮಾತಾಡಿದವರಲ್ಲಿ ಒಬ್ಬರು ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನ್. ಯುದ್ಧದ ವರ್ಷಗಳಲ್ಲಿ ಅವರು ಕೆರಿಬಿಯನ್ ಕಾರ್ಮಿಕರ ಕ್ಷೇಮಾಧಿಕಾರಿಯಾಗಿದ್ದರು. ಅದೇ 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲು ಅವರನ್ನು ಬಣ್ಣದ ಕಾರಣಕ್ಕೆ ಉಳಿಸಿಕೊಳ್ಳಲು ನಿರಾಕರಿಸಿತು. ಅವರು ನ್ಯಾಯಾಲಯಕ್ಕೆ ಹೋಗಿ ಮರುವರ್ಷ ಗೆದ್ದರು. ಬೀದಿಯಲ್ಲಿ ಬಾಗಿಲು ಹಾಕಿಸಿಕೊಂಡವರನ್ನು ಸ್ಟುಡಿಯೋದಲ್ಲಿ ಮರ್ಯಾದೆಯಿಂದ ಕೂರಿಸಿ ಮಾತಾಡಿಸುವುದು ಆ ಕಾಲಕ್ಕೆ ಸಣ್ಣ ಕೆಲಸವಲ್ಲ.

ಅವರ ಅತಿ ದೊಡ್ಡ ತೀರ್ಮಾನ 1943ರ ಮಾರ್ಚ್ ತಿಂಗಳಿನದು. ಸಂದೇಶದ ಕಾರ್ಯಕ್ರಮದ ಒಳಗೇ ಅವರು ಸಾಹಿತ್ಯಕ್ಕೆ ಜಾಗ ಮಾಡಿದರು. ‘ಕೆರಿಬಿಯನ್ ವಾಯ್ಸಸ್’ ಎಂಬುದು ಆ ಭಾಗದ ಹೆಸರು. ದ್ವೀಪಗಳ ಬರಹಗಾರರು ಬರೆದ ಕತೆ, ಕವಿತೆ ಲಂಡನ್ನಿಗೆ ಬರಬೇಕು. ಲಂಡನ್ನಿನಿಂದ ಓದಬೇಕು. ಮತ್ತೆ ದ್ವೀಪಗಳಿಗೆ ಕೇಳಿಸಬೇಕು. ಇದೇನು ಸುತ್ತುಬಳಸಿನ ದಾರಿ ಎಂದು ನಿಮಗೆ ಅನ್ನಿಸಬಹುದು. ದ್ವೀಪಗಳ ಪರಿಸ್ಥಿತಿ ಹಾಗಿತ್ತು. ಬಾರ್ಬಡೋಸಿನಲ್ಲಿ ಬರೆದದ್ದು ಜಮೈಕಾಕ್ಕೆ ತಲುಪುತ್ತಿರಲಿಲ್ಲ. ಟ್ರಿನಿಡಾಡಿನ ಕವಿ ಯಾರೆಂದು ಪಕ್ಕದ ದ್ವೀಪಕ್ಕೆ ಗೊತ್ತಿರಲಿಲ್ಲ. ಪುಸ್ತಕ ಪ್ರಕಟಿಸುವವರು ಕಡಿಮೆ, ಕೊಳ್ಳುವವರು ಇನ್ನೂ ಕಡಿಮೆ. ಒಬ್ಬರ ಬರಹವನ್ನು ಎಲ್ಲ ದ್ವೀಪಗಳೂ ಒಂದೇ ಹೊತ್ತಿನಲ್ಲಿ ಕೇಳಲು ಸಾಧ್ಯವಾದದ್ದು ಈ ಕಾರ್ಯಕ್ರಮದಿಂದ. ಬರೆದವರಿಗೆ ಸಂಭಾವನೆಯೂ ಸಿಕ್ಕಿತು. ಬರಹಕ್ಕೆ ಬೆಲೆಯಿದೆ ಎಂದು ಅನೇಕರಿಗೆ ಮೊದಲ ಸಲ ತಿಳಿದದ್ದು ಹೀಗೆ. ಈ ಕಾರ್ಯಕ್ರಮ 1958ರವರೆಗೆ ನಡೆಯಿತು. ಸ್ಯಾಮ್ ಸೆಲ್ವನ್, ಜಾರ್ಜ್ ಲ್ಯಾಮಿಂಗ್, ಡೆರೆಕ್ ವಾಲ್ಕಾಟ್ ಇವರ ಆರಂಭದ ಬರಹಗಳನ್ನು ಜನ ಕೇಳಿದ್ದು ಇದರಲ್ಲಿ. ವಿ. ಎಸ್. ನೈಪಾಲ್ 1950ರ ದಶಕದ ನಡುವಿನಲ್ಲಿ ಇದರ ಸಂಪಾದಕರಾಗಿ ದುಡಿದರು. ವಾಲ್ಕಾಟ್‌ಗೆ 1992ರಲ್ಲಿ, ನೈಪಾಲ್‌ಗೆ 2001ರಲ್ಲಿ ನೊಬೆಲ್ ಬಂತು.

ಕೇಳುಗರೇ, ಇದುವರೆಗಿನ ವಾದವನ್ನು ಒಮ್ಮೆ ಒಟ್ಟುಮಾಡುತ್ತೇನೆ. ಮಾತಿನ ಅಧಿಕಾರ ಹಿಂದಿನ ಕುರ್ಚಿಯಲ್ಲಿದೆ ಎಂದೆ. ಮಾರ್ಸನ್ ಅಲ್ಲಿ ಕೂತರು ಎಂದೆ. ಕೂತದ್ದರಿಂದ ಒಂದು ಇಡೀ ಸಮುದಾಯದ ಬರಹಕ್ಕೆ ದಾರಿಯಾಯಿತು ಎಂದೆ. ಈಗ ಆಕ್ಷೇಪಗಳಿಗೆ ಬರೋಣ. ಮೊದಲ ಆಕ್ಷೇಪ ಹೀಗಿದೆ. ಗಂಡಸರು ಯುದ್ಧಕ್ಕೆ ಹೋದರು, ಕುರ್ಚಿ ಖಾಲಿಯಾಯಿತು, ಹೆಂಗಸರು ಬಂದರು. ಇದರಲ್ಲಿ ಮಾರ್ಸನ್ ಅವರ ಹೆಚ್ಚುಗಾರಿಕೆ ಏನು? ಯುದ್ಧ ಬಾಗಿಲು ತೆರೆಯಿತು ಎಂಬುದು ನಿಜ. 1941ರ ಸುಮಾರಿಗೆ ಬಿ.ಬಿ.ಸಿ.ಯ ತಾಂತ್ರಿಕ ಕೆಲಸಕ್ಕೂ ಹೆಂಗಸರು ಬಂದರು. ಆದರೆ ಬಾಗಿಲು ತೆರೆದದ್ದು ಸಂದೇಶ ಓದಿಸುವ ಕೆಲಸಕ್ಕೆ. ಸಾಹಿತ್ಯದ ಕಾರ್ಯಕ್ರಮ ಮಾಡಿ ಎಂದು ಯುದ್ಧ ಅವರನ್ನು ಕೇಳಿರಲಿಲ್ಲ. ಅದು ಅವರ ಸ್ವಂತ ತೀರ್ಮಾನ. ಹದಿನೈದು ವರ್ಷ ಮೊದಲು ಶೀಘ್ರಲಿಪಿಯ ಹುಡುಗಿಯರಿಗೆ ಪುಟ ಬಿಟ್ಟುಕೊಟ್ಟ ಸಂಪಾದಕಿ ಮಾಡಬಹುದಾದ ತೀರ್ಮಾನ. ಅವಕಾಶ ಕಾಲ ಕೊಟ್ಟದ್ದು, ಉಪಯೋಗ ಅವರು ಮಾಡಿದ್ದು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಅವರು ದುಡಿದದ್ದು ಸಾಮ್ರಾಜ್ಯದ ಪ್ರಚಾರಯಂತ್ರದಲ್ಲಲ್ಲವೇ? ಸಾಮ್ರಾಜ್ಯ ಸಂಬಳ ಕೊಟ್ಟು ಇಟ್ಟುಕೊಂಡ ದನಿಯನ್ನು ಸ್ವತಂತ್ರ ದನಿ ಎನ್ನುವುದು ಹೇಗೆ? ಈ ಪ್ರಶ್ನೆ ನಮಗೂ ಹತ್ತಿರದ್ದು. ಬಿ.ಬಿ.ಸಿ.ಯ ಪೂರ್ವ ವಿಭಾಗದಲ್ಲಿ ಲೇಖಕ ಜಾರ್ಜ್ ಆರ್ವೆಲ್ ಭಾರತಕ್ಕಾಗಿ ಕಾರ್ಯಕ್ರಮ ತಯಾರಿಸುತ್ತಿದ್ದರು. 1942ರಲ್ಲಿ ‘ವಾಯ್ಸ್’ ಎಂಬ ಬಾನುಲಿ ಕಾವ್ಯಪತ್ರಿಕೆ ಮಾಡಿದರು. ಆ ಕಾರ್ಯಕ್ರಮದ ಒಂದು ಛಾಯಾಚಿತ್ರ ಪ್ರಸಿದ್ಧವಾಗಿದೆ. ನಿಮಗೆ ತೋರಿಸಲಾರೆ, ವಿವರಿಸುತ್ತೇನೆ. ಒಂದು ಮೇಜಿನ ಸುತ್ತ ಹಲವರು ಕೂತಿದ್ದಾರೆ. ನಡುವೆ ಕವಿ ಟಿ. ಎಸ್. ಎಲಿಯಟ್. ಅವರ ಪಕ್ಕದಲ್ಲಿ ಯೂನಾ ಮಾರ್ಸನ್. ಅದೇ ಸಾಲಿನಲ್ಲಿ ಮುಲ್ಕ್ ರಾಜ್ ಆನಂದ್, ವೇಣು ಚಿತಳೆ, ನಾರಾಯಣ ಮೆನನ್. ಹಿಂದೆ ನಿಂತವರಲ್ಲಿ ಆರ್ವೆಲ್, ಕವಿ ವಿಲಿಯಂ ಎಂಪ್ಸನ್. ಇಲ್ಲಿರುವ ಭಾರತೀಯರನ್ನೆಲ್ಲ ಸಾಮ್ರಾಜ್ಯದ ಸೇವಕರು ಎಂದು ಬದಿಗೆ ಸರಿಸುತ್ತೇವೆಯೇ? ಆನಂದ್ ಮೊದಲು ಈ ಕೆಲಸಕ್ಕೆ ಹಿಂದೇಟು ಹಾಕಿದ್ದರು. ಭಾರತದ ನಾಯಕರನ್ನು ಜೈಲಿಗೆ ಹಾಕಿದ ಸರ್ಕಾರದ ರೇಡಿಯೋ ಅದು. ಆಮೇಲೆ ಫ್ಯಾಸಿಸಂ ವಿರುದ್ಧ ಮಾತಾಡಬೇಕೆಂದು ಬಂದರು. ಮೆನನ್ ಮುಂದೆ ನಮ್ಮ ಆಕಾಶವಾಣಿಯ ಮಹಾನಿರ್ದೇಶಕರಾದರು. ಒಂದು ಸಂಸ್ಥೆಯ ಉದ್ದೇಶ ಒಂದಿರುತ್ತದೆ. ಅದರ ಒಳಗೆ ಕೂತವರು ಮಾಡಿದ ಕೆಲಸ ಆ ಉದ್ದೇಶವನ್ನು ಮೀರಬಹುದು. ಮೀರಿತೋ ಇಲ್ಲವೋ ಎಂದು ಅಳೆಯಲು ಪರಿಣಾಮವನ್ನು ನೋಡಬೇಕು. ಬ್ರಿಟನ್ನಿಗೆ ನಿಷ್ಠೆ ಬೇಕಿತ್ತು. ಕೇಳುಗರಿಗೆ ಸಿಕ್ಕಿದ್ದು ಪಕ್ಕದ ದ್ವೀಪದ ದನಿ. ಲಂಡನ್ನಿನ ಕಡೆಗೇ ಮುಖ ಮಾಡಿ ಕೂತಿದ್ದ ದ್ವೀಪಗಳು ಒಂದನ್ನೊಂದು ಕೇಳಿಸಿಕೊಳ್ಳಲು ತೊಡಗಿದವು. ಮಾರ್ಸನ್ ಕೈಗೆ ಸಂಪೂರ್ಣ ಸ್ವಾತಂತ್ರ್ಯ ಇತ್ತೆಂದು ನಾನು ಹೇಳುವುದಿಲ್ಲ. ಯುದ್ಧಕಾಲದ ಸೆನ್ಸಾರ್ ಎಲ್ಲರ ಮೇಲೂ ಇತ್ತು. ಇದ್ದ ಜಾಗದಲ್ಲಿ ಮಾಡಬಹುದಾದ್ದನ್ನು ಅವರು ಮಾಡಿದರು, ಅದು ಬಹಳವೇ ಆಯಿತು ಎನ್ನುತ್ತೇನೆ.

ಮೂರನೆಯ ಆಕ್ಷೇಪ ಸಾಹಿತ್ಯ ಚರಿತ್ರೆಯದು. ‘ಕೆರಿಬಿಯನ್ ವಾಯ್ಸಸ್’ ಬೆಳೆದದ್ದು ಹೆನ್ರಿ ಸ್ವಾಂಜಿ ಎಂಬವರಿಂದ, ಮಾರ್ಸನ್ ಹೆಸರನ್ನು ಏಕೆ ಇಷ್ಟು ಎತ್ತಬೇಕು ಎನ್ನುತ್ತಾರೆ. ಸ್ವಾಂಜಿ 1946ರಿಂದ 1954ರವರೆಗೆ ಅದನ್ನು ನಡೆಸಿದರು. ದೊಡ್ಡ ಮನಸ್ಸಿನ ಸಂಪಾದಕರು. ಲಂಡನ್ನಿಗೆ ಬಂದ ಬಡ ಬರಹಗಾರರಿಗೆ ಓದುವ ಕೆಲಸ ಕೊಟ್ಟು ಉಳಿಸಿದವರು. ಅವರ ಕೀರ್ತಿಯಲ್ಲಿ ಒಂದು ಕಾಳಿನಷ್ಟನ್ನೂ ನಾನು ಕಡಿಮೆ ಮಾಡುವುದಿಲ್ಲ. ಆದರೆ ಅವರ ಕೈಗೆ ಬಂದದ್ದು ಖಾಲಿ ಹೊತ್ತಲ್ಲ. ಹೆಸರಿದ್ದ, ಕೇಳುಗರಿದ್ದ ಕಾರ್ಯಕ್ರಮ. ಇನ್ನೊಂದು ಮಾತು. ಈ ಕಾರ್ಯಕ್ರಮದಿಂದ ಬೆಳಕಿಗೆ ಬಂದವರು ಯಾರು ಎಂದರೆ ಎಲ್ಲರೂ ಹೇಳುವ ಹೆಸರುಗಳು ಗಂಡಸರವೇ. ಸ್ವಲ್ಪ ಹೊತ್ತಿಗೆ ಮುಂಚೆ ನಾನು ಹೇಳಿದ ಪಟ್ಟಿಯಲ್ಲೂ ಒಬ್ಬ ಹೆಂಗಸಿಲ್ಲ. ಹೆಂಗಸು ಆರಂಭಿಸಿದ ಕಾರ್ಯಕ್ರಮದ ನೆನಪು ಹೀಗೆ ಗಂಡಸರ ಸಾಲಾಗಿ ಉಳಿದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕುರ್ಚಿ ಕೈಬದಲಾದದ್ದೇ ಇದಕ್ಕೆ ಏಕೈಕ ಕಾರಣ ಎಂದು ಸಾಧಿಸುವುದು ಕಷ್ಟ. ಯಾವುದನ್ನು ದೊಡ್ಡ ಸಾಹಿತ್ಯವೆಂದು ಕರೆಯಬೇಕು ಎಂದು ತೀರ್ಮಾನಿಸಿದ ವಿಮರ್ಶೆಯ ಕುರ್ಚಿಗಳೂ ಆಗ ಗಂಡಸರ ಕೈಯಲ್ಲಿದ್ದವು ಎಂಬುದನ್ನಂತೂ ಮರೆಯುವಂತಿಲ್ಲ. ಮಾರ್ಸನ್ ಅವರ 1937ರ ಸಂಕಲನ ‘ದಿ ಮಾತ್ ಆ್ಯಂಡ್ ದಿ ಸ್ಟಾರ್’ ಅನ್ನು ತೆಗೆದುಕೊಳ್ಳಿ. ಸಿನಿಮಾದ ಬಿಳಿ ಸೌಂದರ್ಯ ನೋಡುತ್ತ ಕಪ್ಪು ಹುಡುಗಿ ತನ್ನ ಮುಖವನ್ನೇ ಹಳಿದುಕೊಳ್ಳುವುದರ ಬಗ್ಗೆ, ಗುಂಗುರು ಕೂದಲನ್ನು ನೇರ ಮಾಡಿಕೊಳ್ಳುವ ಒತ್ತಾಯದ ಬಗ್ಗೆ ಅದರಲ್ಲಿ ಕವಿತೆಗಳಿವೆ. ಬಿಳುಪಿನ ಕ್ರೀಮು ಇಂದಿಗೂ ಅಂಗಡಿ ಅಂಗಡಿಯಲ್ಲಿ ಮಾರಾಟವಾಗುವ ನಮ್ಮ ನಾಡಿನಲ್ಲಿ ಈ ಕವಿತೆಗಳಿಗೆ ವಿವರಣೆ ಬೇಕಿಲ್ಲ. ಆದರೂ ವಿಮರ್ಶಕರು ದಶಕಗಳ ಕಾಲ ಇವನ್ನು ಬದಿಗೆ ಇಟ್ಟರು.

ಕೊನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡುವುದು. ಹಿಂದಿನ ಕುರ್ಚಿಗೆ ಅಷ್ಟು ಶಕ್ತಿ ಇದ್ದರೆ ಮಾರ್ಸನ್ ಅಲ್ಲಿ ಏಕೆ ಉಳಿಯಲಿಲ್ಲ? ಪೂರ್ಣಾವಧಿ ಕೆಲಸ ಐದು ವರ್ಷವೂ ದಾಟಲಿಲ್ಲ. ಬಾಂಬು ಬೀಳುವ ನಗರದಲ್ಲಿ ಬಿಡುವಿಲ್ಲದ ದುಡಿಮೆ. ಕಪ್ಪು ಹೆಂಗಸೊಬ್ಬಳು ಕಾರ್ಯಕ್ರಮ ನಡೆಸುವುದನ್ನು ಸಹಿಸದ ಮನಸ್ಸುಗಳು ಕಚೇರಿಯ ಒಳಗೂ ಇದ್ದವು, ಹೊರಗೂ ಇದ್ದವು. ಯುದ್ಧ ಮುಗಿಯುವ ಹೊತ್ತಿಗೆ ಅವರ ಮಾನಸಿಕ ಆರೋಗ್ಯ ಕುಸಿಯಿತು. 1946ರಲ್ಲಿ ಅವರನ್ನು ಜಮೈಕಾಕ್ಕೆ ಕರೆತಂದು ಚಿಕಿತ್ಸೆ ಕೊಡಿಸಬೇಕಾಯಿತು. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಇದು ನನ್ನ ವಾದಕ್ಕೆ ಒಂದು ಮಿತಿ ಹಾಕುತ್ತದೆ ಎಂದು ಒಪ್ಪುತ್ತೇನೆ. ಒಂದು ಕುರ್ಚಿಗೆ ಒಬ್ಬರನ್ನು ಕೂರಿಸಿ, ಸುತ್ತಲಿನ ನಿಯಮಗಳನ್ನು ಹಾಗೇ ಬಿಟ್ಟರೆ, ಆ ಒಬ್ಬರ ಮೇಲೆ ಇಡೀ ಜನಾಂಗದ ಭಾರ ಬೀಳುತ್ತದೆ. ತಪ್ಪಾದರೆ ಅದು ಅವರೊಬ್ಬರ ತಪ್ಪಾಗಿ ಉಳಿಯುವುದಿಲ್ಲ, ಅವರ ಬಣ್ಣದ, ಅವರ ಲಿಂಗದ ತಪ್ಪಾಗುತ್ತದೆ. ಜೊತೆಗೆ ನಿಲ್ಲುವವರಿಲ್ಲದೆ ಒಬ್ಬರೇ ಎಷ್ಟು ಕಾಲ ತಾಳಬಲ್ಲರು? ಆದ್ದರಿಂದ ಕುರ್ಚಿ ಒಂದು ಸಿಕ್ಕರೆ ಸಾಲದು, ಅಂಥವು ಹಲವು ಬೇಕು, ಒಬ್ಬರು ಎದ್ದರೆ ಕೂರಲು ಇನ್ನೊಬ್ಬರು ತಯಾರಿರಬೇಕು. ಬಿ.ಬಿ.ಸಿ. ಆಗ ಅದನ್ನು ಮಾಡಲಿಲ್ಲ.

ಆದರೂ ಕಾಯಿಲೆಯಲ್ಲಿ ಅವರ ಕತೆ ಮುಗಿಯಲಿಲ್ಲ. ಚೇತರಿಸಿಕೊಂಡ ಮೇಲೆ ಅವರು ಮಾಡಿದ್ದೇನು ಗೊತ್ತೇ? 1940ರ ದಶಕ ಮುಗಿಯುತ್ತಿದ್ದಾಗ ಜಮೈಕಾದಲ್ಲಿ ‘ಪಯೊನಿಯರ್ ಪ್ರೆಸ್’ ಎಂಬ ಪ್ರಕಾಶನದ ಕೆಲಸಕ್ಕೆ ನಿಂತರು. ಊರಿನ ಲೇಖಕರ ಪುಸ್ತಕ ಊರಿನಲ್ಲೇ ಅಚ್ಚಾಗಬೇಕು ಎಂಬ ಯೋಜನೆ ಅದು. ಪುಟ ಕೈಯಲ್ಲಿರಬೇಕು ಎಂಬ ಪಾಠವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ ಮೂರು ದಶಕ ಕಳೆದು, 1998ರಲ್ಲಿ, ಡೀಲಿಯಾ ಜ್ಯಾರೆಟ್ ಮೆಕಾಲೆ ಬರೆದ ಜೀವನಚರಿತ್ರೆ ಬಂತು. ಬಿ.ಬಿ.ಸಿ. ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ತೋರಿಸಿದ್ದು 2022ರಲ್ಲಿ. ದಕ್ಷಿಣ ಲಂಡನ್ನಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕೂ ಈಚೆಗೆ ಅವರ ಹೆಸರಿಟ್ಟಿದ್ದಾರೆ.

ನಮ್ಮ ವಿಶ್ವವಿದ್ಯಾಲಯಗಳ ಇಂಗ್ಲಿಷ್ ವಿಭಾಗಗಳಲ್ಲಿ ವಾಲ್ಕಾಟ್ ಪಾಠವಿದೆ, ನೈಪಾಲ್ ಪಾಠವಿದೆ. ಪತ್ರಿಕೋದ್ಯಮ ವಿಭಾಗಗಳಲ್ಲಿ ಬಿ.ಬಿ.ಸಿ. ಚರಿತ್ರೆಯ ಪಾಠವಿದೆ. ಅವನ್ನು ಕಲಿಸುವ ಅಧ್ಯಾಪಕರು ಯಾರಾದರೂ ಈ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಆ ಪಾಠ ಶುರುಮಾಡುವಾಗ ಯೂನಾ ಮಾರ್ಸನ್ ಹೆಸರನ್ನು ಮೊದಲು ಹೇಳಿ. ಕವಿತೆ ಅನುವಾದಿಸುವವರು ಕೇಳುತ್ತಿದ್ದರೆ, ‘ದಿ ಮಾತ್ ಆ್ಯಂಡ್ ದಿ ಸ್ಟಾರ್’ ಸಂಕಲನದ ಒಂದೆರಡು ಕವಿತೆಗಳನ್ನಾದರೂ ಕನ್ನಡಕ್ಕೆ ತನ್ನಿ.